ಸಂಡೂರಿನ ಕಬ್ಬಿಣದ ಅದಿರು ಗಣಿ: ಪರಿಸರ ಕಾಪಾಡಲು ಯಾವ ಕೆಲಸದವರು ಏನು ಮಾಡಬೇಕು

ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳ ಮೇಲೆ ಜೋರು ಮಳೆ ಬಿದ್ದ ಮೇಲೆ ಕೆಳಗಿನ ಹಳ್ಳಗಳ ನೀರು ಕೆಂಪಾಗುತ್ತದೆ. ನೆಲವೇ ಕೆಂಪಾದ್ದರಿಂದ ಒಂದಿಷ್ಟು ಬಣ್ಣ ಸಹಜ. ಆದರೆ ಎರಡು ಮೂರು ದಿನವಾದರೂ ನೀರು ತಿಳಿಯಾಗದೆ, ದಡದ ಹೊಲದಲ್ಲಿ ಬೆರಳಿಗೆ ಅಂಟುವ ಗೋಡು ನಿಂತಿದ್ದರೆ, ಮೇಲೆಲ್ಲೋ ಡಂಪಿನ (ಗಣಿಯ ತ್ಯಾಜ್ಯ ಕಲ್ಲು–ಮಣ್ಣಿನ ರಾಶಿ) ಬುಡ ಇಲ್ಲವೇ ಚರಂಡಿ ಒಡೆದಿರುವ ಸಾಧ್ಯತೆ ಹೆಚ್ಚು. ಚಿನ್ನದ ಗಣಿಯಲ್ಲಿ ಬಳಸುವ ಸೈನೈಡಿನಂಥ ವಿಷ ಇಲ್ಲಿ ಬಳಕೆಯಲ್ಲಿಲ್ಲ. ಇಲ್ಲಿಯ ಹಾನಿ ಮುಖ್ಯವಾಗಿ ಎರಡೇ ರೂಪದಲ್ಲಿ ಬರುತ್ತದೆ: ಮಳೆಗಾಲದಲ್ಲಿ ಹೂಳು, ಬೇಸಿಗೆಯಲ್ಲಿ ಧೂಳು. ಎರಡನ್ನೂ ತಡೆಯುವ ಕೆಲಸ ಡೋಜರ್, ಟಿಪ್ಪರ್, ಡ್ರಿಲ್ ನಡೆಸುವವರ ಕೈಯಲ್ಲಿದೆ. ಪರಿಸರ ಅಧಿಕಾರಿ ಅಳೆಯಬಹುದು, ಬರೆಯಬಹುದು. ಡಂಪಿನ ಅಂಚಿನಲ್ಲಿ ಬ್ಲೇಡ್ ಎತ್ತ ತಿರುಗಬೇಕು ಎನ್ನುವುದು ಆಪರೇಟರ್ ನಿರ್ಧಾರ.

ಇದು ಕಾನೂನಿನ ಮಾತೂ ಹೌದು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಕೆಲ ವಾರಗಳಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳಿಗೂ ಆದೇಶ ವಿಸ್ತರಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅಕ್ರಮ ಅತಿ ಹೆಚ್ಚು ಕಂಡ ‘ಸಿ’ ವರ್ಗದ ಗಣಿಗಳ ಗುತ್ತಿಗೆ ರದ್ದಾಯಿತು. ‘ಎ’ ಮತ್ತು ‘ಬಿ’ ವರ್ಗದವು ಮತ್ತೆ ತೆರೆಯಲು ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಜನ ಇದನ್ನು ಆರ್ ಅಂಡ್ ಆರ್ ಪ್ಲಾನ್ ಎನ್ನುತ್ತಾರೆ. ಡಂಪ್ ಎಲ್ಲಿರಬೇಕು, ಚೆಕ್ ಡ್ಯಾಂ ಎಷ್ಟು, ತಡೆಗೋಡೆ ಎಲ್ಲಿ ಎನ್ನುವುದೆಲ್ಲ ಅದರ ನಕ್ಷೆಯಲ್ಲಿದೆ. ನಿಮ್ಮ ಭಾಗದ ಹಾಳೆಯನ್ನು ಫೋರ್‌ಮನ್ ಹತ್ತಿರ ಕೇಳಿ ನೋಡಿ. ನೋಡದೆ ಡಂಪ್ ಕೆಲಸಕ್ಕೆ ಇಳಿಯಬಾರದು.

ಮೇಲ್ಮಣ್ಣು

ಹೊಸ ಜಾಗ ತೆರೆಯುವಾಗ ಮೊದಲ 15ರಿಂದ 30 ಸೆಂ.ಮೀ. ಮಣ್ಣನ್ನು ಬೇರೆಯಾಗಿ ಎತ್ತಿ. ಗುಡ್ಡದ ಮೇಲೆ ಕೆಲವೆಡೆ ಅದು 10 ಸೆಂ.ಮೀ. ಕೂಡ ಇರುವುದಿಲ್ಲ, ಇದ್ದಷ್ಟೇ ಎತ್ತಿ. ಬೀಜ, ಬೇರು, ಮಣ್ಣಿನ ಜೀವಿಗಳೆಲ್ಲ ಇರುವುದು ಆ ಪದರದಲ್ಲೇ. ಕೆಳಗಿನ ಲ್ಯಾಟರೈಟ್ (ಜಂಬಿಟ್ಟಿಗೆ) ಜೊತೆ ಒಮ್ಮೆ ಬೆರೆತರೆ ಮತ್ತೆ ಬೇರೆ ಮಾಡಲು ಬರುವುದಿಲ್ಲ.

ರಾಶಿ ಎರಡು ಮೀಟರ್‌ಗಿಂತ ಎತ್ತರವಾಗದಿರಲಿ. ಎತ್ತರವಾದರೆ ಒಳಗೆ ಗಾಳಿಯಾಡದೆ ಮಣ್ಣು ಸಾಯುತ್ತದೆ. ಮೇಲೆ ಡೋಜರ್ ಓಡಿಸಬೇಡಿ, ಒದ್ದೆ ಇದ್ದಾಗ ಎತ್ತಬೇಡಿ. ಸುತ್ತ ಸಣ್ಣ ಬದು ಹಾಕಿ, ಮೇಲೆ ಹುರುಳಿಯನ್ನೋ ಹುಲ್ಲಿನ ಬೀಜವನ್ನೋ ಚೆಲ್ಲಿ, ‘ಮೇಲ್ಮಣ್ಣು’ ಎಂದು ಫಲಕ ನೆಡಿ. ಫಲಕ ಇಲ್ಲದ ರಾಶಿಯನ್ನು ರಾತ್ರಿ ಶಿಫ್ಟಿನವರು ರಸ್ತೆ ತುಂಬಲು ಒಯ್ಯುತ್ತಾರೆ. ಬೆಂಚು (ಮೆಟ್ಟಿಲು) ಸಿದ್ಧವಿದ್ದರೆ ರಾಶಿಯನ್ನೇ ಹಾಕದೆ ನೇರ ಅಲ್ಲಿಗೆ ಹರಡುವುದು ಎಲ್ಲಕ್ಕಿಂತ ಉತ್ತಮ.

ಡಂಪ್: ಡೋಜರ್ ಮತ್ತು ಟಿಪ್ಪರ್ ಆಪರೇಟರ್‌ಗಳಿಗೆ

ಸಡಿಲವಾಗಿ ಸುರಿದ ತ್ಯಾಜ್ಯ ಕಲ್ಲು ತಾನಾಗಿ ನಿಲ್ಲುವ ಇಳಿಜಾರು ಸುಮಾರು 37 ಡಿಗ್ರಿ. ಪರಿಸರ ಅನುಮತಿಗಳಲ್ಲಿ ಸಾಮಾನ್ಯವಾಗಿ ಇಡೀ ಡಂಪಿನ ಒಟ್ಟು ಇಳಿಜಾರು 28 ಡಿಗ್ರಿ ಮೀರಬಾರದು ಎಂದಿರುತ್ತದೆ. ಈ ಎರಡರ ನಡುವಿನ ಅಂತರ ತುಂಬುವುದು ಮೆಟ್ಟಿಲುಗಳಿಂದ. ಮೆಟ್ಟಿಲಿನ ಅಗಲ ಕಡಿಮೆ ಮಾಡಿ ನಾಲ್ಕು ಲೋಡು ಹೆಚ್ಚು ಸುರಿದರೆ ಆ ದಿನ ಏನೂ ಆಗದು. ಸೆಪ್ಟೆಂಬರಿನ ಮಳೆಗೆ ಆ ಮೆಟ್ಟಿಲು ಕೆಳಗಿನ ಮೆಟ್ಟಿಲಿನ ಮೇಲೆ ಕೂರುತ್ತದೆ.

ಮೆಟ್ಟಿಲಿನ ಮೇಲ್ಮೈ ಒಳಕ್ಕೆ ಇಳಿಯಬೇಕು, ಹೊರಕ್ಕಲ್ಲ. ಮೀಟರಿಗೆ 2ರಿಂದ 3 ಸೆಂ.ಮೀ. ಸಾಕು. ಆಗ ನೀರು ಗುಡ್ಡದ ಬದಿಯ ಒಳಚರಂಡಿಗೆ ಬಂದು ಕಲ್ಲು ಹಾಸಿದ ಇಳಿಗಾಲುವೆಯಲ್ಲಿ ಇಳಿಯುತ್ತದೆ. ಹೊರಕ್ಕೆ ಇಳಿಜಾರಿದ್ದರೆ ನೀರು ಅಂಚು ದಾಟುತ್ತದೆ. ಅದು ಎಲ್ಲಾ ಕಡೆ ಸಮನಾಗಿ ದಾಟುವುದಿಲ್ಲ, ಎಲ್ಲಿ ಟೈರ್ ಒತ್ತಿ ಅರ್ಧ ಅಡಿ ತಗ್ಗಾಗಿದೆಯೋ ಅಲ್ಲೇ ಒಟ್ಟಾಗಿ ನುಗ್ಗುತ್ತದೆ. ನಾವು ನೋಡುವ ಕೊರಕಲುಗಳಲ್ಲಿ ಬಹುಪಾಲು ಹುಟ್ಟುವುದು ಹೀಗೆಯೇ. ಆದ್ದರಿಂದ ಶಿಫ್ಟ್ ಮುಗಿಯುವ ಮುನ್ನ ಕೊನೆಯ ಹತ್ತು ನಿಮಿಷ ಡೋಜರ್‌ಗೆ ಒಂದೇ ಕೆಲಸ: ಅಂಚಿನ ಕಟ್ಟೆ ಸರಿಮಾಡುವುದು, ಟೈರ್ ಗುಂಡಿ ಮುಚ್ಚುವುದು, ಮೇಲ್ಮೈಯನ್ನು ಒಳಕ್ಕೆ ಎಳೆಯುವುದು. ಮೋಡ ಕಂಡ ದಿನ ಇದನ್ನು ಬಿಟ್ಟು ಮನೆಗೆ ಹೋಗಲೇಬಾರದು.

ಸುರಿಯುವಾಗ ದೊಡ್ಡ ಕಲ್ಲು ಬುಡಕ್ಕೆ, ಪುಡಿ ಮಣ್ಣು ಒಳಕ್ಕೆ. ಅರ್ಧ ಮಿ.ಮೀ.ಗಿಂತ ಸಣ್ಣ ಪುಡಿಯನ್ನು ಹೊರ ಮುಖಕ್ಕೆ ಸುರಿದರೆ ಮೊದಲ ಮಳೆಗೇ ಹರಿಯುತ್ತದೆ. ಬುಡದ ತಡೆಗೋಡೆ ಒಣಗಲ್ಲಿನದಾದರೆ ನೀರು ಸೋಸಿ ಹೋಗಲು ಜಾಗ ಇರುತ್ತದೆ. ಸಿಮೆಂಟಿನದಾದರೆ ಸೋರುರಂಧ್ರಗಳು ಬೇಕೇ ಬೇಕು, ಅವು ಮುಚ್ಚಿಹೋಗಿವೆಯೇ ಎಂದು ಕಬ್ಬಿಣದ ಸರಳು ತೂರಿಸಿ ನೋಡಬೇಕು. ರಂಧ್ರ ಮುಚ್ಚಿದ ಗೋಡೆಯ ಹಿಂದೆ ನೀರು ತುಂಬಿ ಒತ್ತಡಕ್ಕೆ ಗೋಡೆಯೇ ಉರುಳುತ್ತದೆ. ಗೋಡೆಗೂ ಡಂಪಿನ ಬುಡಕ್ಕೂ ನಡುವೆ ಖಾಲಿ ಜಾಗ ಬಿಡಿ. ಉರುಳಿ ಬಂದ ಕಲ್ಲು, ಹೂಳು ನಿಲ್ಲುವುದು ಅಲ್ಲೇ.

ಕೆಲಸ ಮುಗಿದ ಮುಖಕ್ಕೆ ತೆಂಗಿನ ನಾರಿನ ಚಾಪೆ ಹೊದಿಸುವವರು ಹೆಚ್ಚಾಗಿ ದಿನಗೂಲಿಯವರು. ಅವರಿಗೆ ಕ್ರಮ ಹೇಳಿಕೊಡುವವರು ಕಡಿಮೆ, ಅದಕ್ಕೇ ಇಲ್ಲಿ ಬಿಡಿಸಿ ಹೇಳಬೇಕು. ಮೊದಲು ಮುಖದ ಕೊರಕಲು ತುಂಬಿ, ಮುಳ್ಳು ಕಲ್ಲು ತೆಗೆಯಿರಿ. ಇದ್ದಷ್ಟು ಮೇಲ್ಮಣ್ಣು ಹರಡಿ, ಬೀಜ ಚೆಲ್ಲಿ. ಮೇಲಂಚಿನಲ್ಲಿ 30 ಸೆಂ.ಮೀ. ಆಳ, ಅಷ್ಟೇ ಅಗಲದ ಕಾಲುವೆ ತೋಡಿ ಚಾಪೆಯ ತುದಿ ಅದರಲ್ಲಿ ಹೂತು ಮಣ್ಣು ತುಂಬಿ ತುಳಿಯಿರಿ. ಸುರುಳಿಯನ್ನು ಮೇಲಿಂದ ಕೆಳಕ್ಕೆ ಬಿಡಿಸಬೇಕು, ಅಡ್ಡಕ್ಕೆ ಹಾಸಬಾರದು. ಪಕ್ಕದ ಚಾಪೆಯ ಮೇಲೆ 10–15 ಸೆಂ.ಮೀ. ಬರಲಿ. ಉದ್ದಕ್ಕೆ ಜೋಡಿಸುವಾಗ ಮೇಲಿನ ಚಾಪೆಯ ತುದಿ ಕೆಳಗಿನದರ ಮೇಲೆ ಕೂರಬೇಕು, ಮನೆಯ ಹೆಂಚು ಹೊದಿಸಿದ ಹಾಗೆ. ಮೀಟರಿಗೊಂದು ಗೂಟ. ಮುಖ್ಯವಾಗಿ, ಬಿಗಿಯಾಗಿ ಎಳೆದು ಕಟ್ಟಬೇಡಿ. ಎಳೆದರೆ ತಗ್ಗುಗಳಲ್ಲಿ ಚಾಪೆ ನೆಲ ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ, ನೀರು ಅದರಡಿಯಲ್ಲೇ ಓಡುತ್ತದೆ, ಮೇಲಿಂದ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಕೈಯಿಂದ ಒತ್ತಿ ಎಲ್ಲ ಕಡೆ ಮಣ್ಣು ತಾಗುತ್ತದೆಯೇ ನೋಡಿ. ನಾರು ಕೊಳೆಯಲು ಎರಡು ಮೂರು ವರ್ಷ, ಅಷ್ಟರೊಳಗೆ ಬೇರು ಹಿಡಿಯಬೇಕು. ಆದ್ದರಿಂದ ಹೊದಿಕೆ ಮೇ ಕೊನೆಯೊಳಗೆ ಮುಗಿದರೆ ಮಾತ್ರ ಪ್ರಯೋಜನ.

ಚರಂಡಿ, ಹೂಳಿನ ತೊಟ್ಟಿ, ಚೆಕ್ ಡ್ಯಾಂ

ಒಂದು ಲೆಕ್ಕ. ಎರಡು ಹೆಕ್ಟೇರ್ ಡಂಪಿನ ಮೇಲೆ ಒಮ್ಮೆ 50 ಮಿ.ಮೀ. ಮಳೆಯಾದರೆ ಬೀಳುವ ನೀರು ಹತ್ತು ಲಕ್ಷ ಲೀಟರ್. ಅದರಲ್ಲಿ ಶೇ. 60 ಹರಿದರೂ ಆರು ಲಕ್ಷ ಲೀಟರ್, ಅಂದರೆ 12 ಸಾವಿರ ಲೀಟರಿನ 50 ಟ್ಯಾಂಕರ್ ನೀರು. ಅದು ಒಂದೆರಡು ಗಂಟೆಯಲ್ಲಿ ಒಂದೇ ಚರಂಡಿಗೆ ಬರುತ್ತದೆ. ಅರ್ಧ ಹೂಳು ತುಂಬಿದ ಚರಂಡಿ ಇದನ್ನು ಹೊರಲಾರದು.

ಚರಂಡಿಯ ನೀರು ಹಳ್ಳಕ್ಕೆ ಹೋಗುವ ಮುನ್ನ ಹೂಳಿನ ತೊಟ್ಟಿಯಲ್ಲಿ ನಿಲ್ಲಬೇಕು ಎನ್ನುವುದಕ್ಕೂ ಕಾರಣವಿದೆ. 50 ಮೈಕ್ರಾನಿನ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ಮರಳು ಕಣ ಒಂದು ಮೀಟರ್ ಕೆಳಗಿಳಿಯಲು ಏಳೆಂಟು ನಿಮಿಷ ಸಾಕು. ಎರಡು ಮೈಕ್ರಾನಿನ ಜೇಡಿ ಕಣಕ್ಕೆ ಸುಮಾರು ಮೂರು ದಿನ ಬೇಕು. ಹಳ್ಳಕ್ಕೆ ಹೋಗುವ ಕೆಂಪು ಬಣ್ಣ ಈ ಸಣ್ಣ ಕಣಗಳದೇ. ಹಾಗಾಗಿ ತೊಟ್ಟಿ ಒಂದೇ ಇದ್ದರೆ ಸಾಲದು, ಮೂರು ಕೋಣೆ ಬೇಕು. ಒಳಬರುವ ಬಾಯಿಯೂ ಹೊರಹೋಗುವ ಬಾಯಿಯೂ ಎದುರು ಮೂಲೆಗಳಲ್ಲಿರಬೇಕು. ಎರಡೂ ಒಂದೇ ಸಾಲಿನಲ್ಲಿದ್ದರೆ ನೀರು ನೇರ ಓಡಿಹೋಗುತ್ತದೆ, ಉಳಿದ ತೊಟ್ಟಿ ಸುಮ್ಮನೆ ನಿಂತಿರುತ್ತದೆ.

ಮಳೆಗಾಲದ ಮುನ್ನ, ಮೇ 31ರೊಳಗೆ, ಎಲ್ಲ ಚರಂಡಿ ಮತ್ತು ತೊಟ್ಟಿಗಳ ಹೂಳು ತೆಗೆಯಿರಿ. ಮಳೆಗಾಲದಲ್ಲಿ ಪ್ರತಿ ದೊಡ್ಡ ಮಳೆಯ ನಂತರ ಅಳತೆ ಕೋಲು ಇಳಿಸಿ ನೋಡಿ, ಆಳದ ಮೂರನೇ ಒಂದು ಭಾಗ ತುಂಬಿದ್ದರೆ ಮತ್ತೆ ತೆಗೆಯಿರಿ. ಮಳೆಗಾಲದ ಮುನ್ನ ಒಮ್ಮೆ ಮಾಡಿ ಬಿಟ್ಟರೆ ಸಾಲದು, ಈ ಭಾಗಕ್ಕೆ ಸೆಪ್ಟೆಂಬರ್–ಅಕ್ಟೋಬರಿನಲ್ಲೂ ಜೋರು ಮಳೆ ಬರುತ್ತದೆ. ತೆಗೆದ ಹೂಳನ್ನು ಚರಂಡಿಯ ದಂಡೆಯ ಮೇಲೆ ಬಿಡುವುದು ದೊಡ್ಡ ತಪ್ಪು, ಮರುದಿನದ ಮಳೆಗೆ ಅದೇ ಒಳಗೆ ಬೀಳುತ್ತದೆ. ಟಿಪ್ಪರಿಗೆ ತುಂಬಿ ಡಂಪಿನ ಒಳ ಮೆಟ್ಟಿಲಿಗೆ ಒಯ್ಯಿರಿ. ಒಳ್ಳೆಯ ಫೈನ್ಸ್ (ಪುಡಿ ಅದಿರು) ಇದ್ದರೆ ಲೆಕ್ಕ ಬರೆಸಿ ರಾಶಿಗೆ ಸೇರಿಸಿ.

ಚೆಕ್ ಡ್ಯಾಂ ಕಟ್ಟುವಾಗ ನಡುಭಾಗ ಎರಡೂ ಬದಿಗಿಂತ 30 ಸೆಂ.ಮೀ. ಆದರೂ ತಗ್ಗಿರಲಿ. ಮೇಲ್ಭಾಗ ಸಮವಾಗಿದ್ದರೆ ನೀರು ಬದಿಯ ಮಣ್ಣು ಕೊರೆದು ಪಕ್ಕದಲ್ಲೇ ದಾರಿ ಮಾಡಿಕೊಳ್ಳುತ್ತದೆ, ಕಟ್ಟೆ ಗಟ್ಟಿಯಾಗಿ ನಿಂತೇ ಇರುತ್ತದೆ, ಹೂಳೆಲ್ಲ ಹೋಗಿರುತ್ತದೆ. ಎರಡೂ ದಡದೊಳಗೆ ಅರ್ಧ ಮೀಟರ್ ಕಲ್ಲು ಹುದುಗಿಸಿ. ಕೆಳಗಡೆ ನೀರು ಬೀಳುವ ಜಾಗಕ್ಕೆ ದಪ್ಪ ಕಲ್ಲು ಹಾಸಿ. ಕೆಳಗಿನ ಕಟ್ಟೆಯ ತಲೆ ಮೇಲಿನ ಕಟ್ಟೆಯ ಬುಡದ ಮಟ್ಟಕ್ಕೆ ಬರುವಷ್ಟು ಅಂತರ ಇಟ್ಟರೆ ಸರಿ.

ಗುತ್ತಿಗೆ ಗಡಿಯಿಂದ ಹೊರಹೋಗುವ ನೀರಿಗೆ ಮಿತಿ: ತೇಲುವ ಕಣ ಲೀಟರಿಗೆ 50 ಮಿ.ಗ್ರಾಂ, ಮಳೆಗಾಲದಲ್ಲಿ 200. ಎಣ್ಣೆ–ಗ್ರೀಸ್ 10. ಪ್ರಯೋಗಾಲಯದ ವರದಿ ಬರುವವರೆಗೆ ಕಾಯಬೇಕಿಲ್ಲ. ಪಾರದರ್ಶಕ ಬಾಟಲಿಯಲ್ಲಿ ನೀರು ಹಿಡಿದು ಹಿಂದೆ ಅಚ್ಚಾದ ಹಾಳೆ ಇಡಿ. ಅಕ್ಷರ ಓದಲು ಬಾರದಷ್ಟು ಕೆಂಪಿದ್ದರೆ ಫೋರ್‌ಮನ್‌ಗೆ ಹೇಳುವ ಹೊತ್ತು ಬಂದಿದೆ.

ಧೂಳು

ಡ್ರಿಲ್ಲರ್‌ಗಳು ನೀರಿಲ್ಲದೆ, ಧೂಳು ಹೀರುವ ಯಂತ್ರ ಇಲ್ಲದೆ ರಂಧ್ರ ಕೊರೆಯಬಾರದು. ಇಲ್ಲಿಯ ಪಟ್ಟೆ ಪಟ್ಟೆಯ ಬಿ.ಎಚ್.ಕ್ಯೂ. (ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್‌ಜೈಟ್) ಕಲ್ಲಿನಲ್ಲಿ ಸ್ಫಟಿಕ ಶಿಲೆ ತುಂಬ ಇದೆ. ಅದರ ಧೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ಹೀರುವ ಯಂತ್ರದ ಚೀಲ ಹರಿದಿದೆಯೇ, ರಂಧ್ರದ ಬಾಯಿಗೆ ಕೂರುವ ರಬ್ಬರ್ ಪಟ್ಟಿ ಇದೆಯೇ ಎಂದು ಶಿಫ್ಟಿನ ಆರಂಭದಲ್ಲೇ ನೋಡಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಗಣಿಯ ಧೂಳಿನಲ್ಲಿ ದೊಡ್ಡ ಪಾಲು ಹಾಲ್ ರೋಡಿನದು, ಅಂದರೆ ಅದಿರು ಸಾಗಿಸುವ ಗಣಿಯೊಳಗಿನ ರಸ್ತೆಯದು. ನೀರು ಹಾಕುವ ಅಂದಾಜು ಚದರ ಮೀಟರಿಗೆ ಅರ್ಧ ಲೀಟರ್. ಎರಡು ಕಿ.ಮೀ. ಉದ್ದ, ಹತ್ತು ಮೀಟರ್ ಅಗಲದ ರಸ್ತೆಗೆ ಒಂದು ಸುತ್ತಿಗೆ 10 ಸಾವಿರ ಲೀಟರ್ ಆಯಿತು. ಏಪ್ರಿಲ್–ಮೇ ಬಿಸಿಲಿಗೆ ಒಂದರಿಂದ ಎರಡು ಗಂಟೆಗೊಮ್ಮೆ ಬೇಕು, ಚಳಿಗಾಲದಲ್ಲಿ ಅಂತರ ಹೆಚ್ಚಿಸಬಹುದು. ಗಡಿಯಾರಕ್ಕಿಂತ ಕಣ್ಣು ನಂಬಿ: ಟಿಪ್ಪರಿನ ಹಿಂದಿನ ಧೂಳು ಟೈರಿನ ಎತ್ತರ ದಾಟುತ್ತಿದ್ದರೆ ಟ್ಯಾಂಕರ್ ಕರೆಯಿರಿ. ಹೆಚ್ಚು ನೀರೂ ಕೆಟ್ಟದ್ದು. ರಸ್ತೆ ಕೆಸರಾಗಿ, ಕೆಸರು ಟೈರಿಗೆ ಮೆತ್ತಿ ಊರ ರಸ್ತೆಗೆ ಹೋಗಿ, ಒಣಗಿ, ಮನೆಗಳೊಳಗೆ ಧೂಳಾಗಿ ನುಗ್ಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಪೂರ್ತಿ ತೋಯಿಸದೆ ಬಿಟ್ಟು ಬಿಟ್ಟು ಪಟ್ಟೆಯಾಗಿ ಹಾಕಿ, ಇಲ್ಲವಾದರೆ ಬ್ರೇಕ್ ಹಿಡಿದಾಗ ಗಾಡಿ ಜಾರುತ್ತದೆ. ಗ್ರೇಡರ್ ಓಡಿಸಿ ಸಡಿಲ ಪುಡಿ ಬಳಿದು ತೆಗೆಯದಿದ್ದರೆ ಎಷ್ಟು ನೀರು ಹಾಕಿದರೂ ವ್ಯರ್ಥ.

ಲೋಡ್ ಮಾಡುವವರು ಬಕೆಟ್ ಅನ್ನು ಟಿಪ್ಪರ್ ಬಾಡಿಯಿಂದ ಒಂದು ಮೀಟರಿನೊಳಗೆ ಇಳಿಸಿ ಬಿಡಲಿ. ಅದಿರು ಬಾಡಿಯ ಅಂಚಿಗಿಂತ 15 ಸೆಂ.ಮೀ. ಕೆಳಗಿರಲಿ. ಟಾರ್ಪಾಲಿನ್ ಹಿಂಬಾಗಿಲಿನವರೆಗೆ ಬರಬೇಕು, ಮುಂಭಾಗ ಮಾತ್ರ ಮುಚ್ಚಿದರೆ ಲೆಕ್ಕಕ್ಕಿಲ್ಲ. ಚಾಲಕರು ಚಕ್ರ ತೊಳೆಯುವ ತೊಟ್ಟಿಯ ಮೂಲಕವೇ ಹೊರಬರಬೇಕು, ಪಕ್ಕದಲ್ಲಿ ದಾರಿ ಇದ್ದರೂ. ಆ ತೊಟ್ಟಿಯ ಹೂಳು ದಿನವೂ ತೆಗೆಯಬೇಕು. ಇಲ್ಲದಿದ್ದರೆ ಚಕ್ರ ತೊಳೆಯುವ ಬದಲು ಕೆಸರು ಬಳಿದು ಕಳಿಸಿದಂತಾಗುತ್ತದೆ.

ಧೂಳಿನ ಮೂಲದಿಂದ 25 ಮೀ. ದೂರದಲ್ಲಿ, ಗಾಳಿ ಬೀಸುವ ದಿಕ್ಕಿಗೆ, ಮಿತಿ ಘನ ಮೀಟರಿಗೆ 1200 ಮೈಕ್ರೋಗ್ರಾಂ. ಊರಿನ ಗಾಳಿಗೆ ಪಿಎಂ10 (10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಧೂಳು) ಮಿತಿ 24 ಗಂಟೆಗೆ 100. ಮಾಪಕ ಇಟ್ಟ ದಿನ ಮಾತ್ರ, ಮಾಪಕದ ಸುತ್ತ ಮಾತ್ರ ನೀರು ಹಾಯಿಸುವುದು ಮೋಸ. ಆ ಧೂಳು ಕೂರುವುದು ಕೆಳಗಿನವರ ಮೆಕ್ಕೆಜೋಳದ ಎಲೆಯ ಮೇಲೆ, ಅವರ ಮಕ್ಕಳ ಎದೆಯಲ್ಲಿ. ಆ ಊರುಗಳಲ್ಲಿ ನಮ್ಮ ಕಾರ್ಮಿಕರ ಮನೆಗಳೂ ಇವೆ.

ಬ್ಲಾಸ್ಟಿಂಗ್

115 ಮಿ.ಮೀ. ರಂಧ್ರಕ್ಕೆ ಮೇಲಿನ ಸುಮಾರು ಎರಡೂವರೆಯಿಂದ ಮೂರು ಮೀಟರ್ ಸ್ಟೆಮ್ಮಿಂಗ್‌ಗೆ (ಸ್ಫೋಟಕದ ಮೇಲೆ ರಂಧ್ರದ ಬಾಯಿ ಮುಚ್ಚುವ ತುಂಬು) ಬಿಡಿ, ನುಣ್ಣನೆಯ ಪುಡಿಯ ಬದಲು ಮೂಲೆಗಳಿರುವ ಸಣ್ಣ ಜಲ್ಲಿ ತುಂಬಿ. ಅದು ಕಡಿಮೆಯಾದರೆ ಅನಿಲ ಮೇಲಕ್ಕೆ ಸಿಡಿದು ಕಲ್ಲು, ಧೂಳು, ಸದ್ದು ಮೂರೂ ಹೆಚ್ಚುತ್ತವೆ. ನೆಲದ ಕಂಪನಕ್ಕೆ ಡಿಜಿಎಂಎಸ್ (ಗಣಿ ಸುರಕ್ಷತಾ ಮಹಾನಿರ್ದೇಶನಾಲಯ) ಮಿತಿ, ಕಡಿಮೆ ಆವರ್ತನದಲ್ಲಿ, ಊರಿನ ಮನೆಗಳಿಗೆ ಸೆಕೆಂಡಿಗೆ 5 ಮಿ.ಮೀ., ಹಳೆಯ ದೇಗುಲದಂಥ ಸೂಕ್ಷ್ಮ ಕಟ್ಟಡಕ್ಕೆ 2 ಮಿ.ಮೀ. ಗಾಳಿ ಊರ ಕಡೆ ಜೋರಾಗಿ ಬೀಸುತ್ತಿದ್ದರೆ ಕಾಯಿರಿ.

ವರ್ಕ್‌ಶಾಪ್: ಎಣ್ಣೆ

ಎಣ್ಣೆ ಬದಲಿಸುವ ಕೆಲಸ ಸಿಮೆಂಟ್ ನೆಲದ ಮೇಲೇ ಆಗಬೇಕು. ಬೆಂಚಿನ ಮೇಲೆ ಎಕ್ಸ್‌ಕವೇಟರಿನ ಹೈಡ್ರಾಲಿಕ್ ಪೈಪ್ ಒಡೆದರೆ ಮೊದಲು ಎಂಜಿನ್ ನಿಲ್ಲಿಸಿ, ಕೆಳಗೆ ಟ್ರೇ ಇಡಿ, ಸುತ್ತ ಮಣ್ಣಿನ ಬದು ಎಳೆಯಿರಿ, ಮರದ ಪುಡಿ ಅಥವಾ ಒಣ ಮರಳು ಹಾಕಿ. ನೀರು ಹೊಡೆದು ತೊಳೆಯಬೇಡಿ, ತೊಳೆದರೆ ಎಣ್ಣೆ ಚರಂಡಿಗೆ ಹೋಗುತ್ತದೆ. ಎಣ್ಣೆ ಹೀರಿದ ಮಣ್ಣು, ಬಟ್ಟೆ, ಫಿಲ್ಟರ್ ಡಂಪಿಗೆ ಹೋಗುವ ವಸ್ತುವಲ್ಲ. ಬೇರೆ ಡ್ರಮ್ಮಿಗೆ ಹಾಕಿ ಮುಚ್ಚಿ, ಚೀಟಿ ಅಂಟಿಸಿ.

ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅಧಿಕೃತ ಮರುಬಳಕೆದಾರರಿಗೇ ದಾಖಲೆ ಸಹಿತ ಕೊಡಬೇಕು. ಸೌದೆ ಹೊತ್ತಿಸಲೆಂದೋ ಮರಕ್ಕೆ ಗೆದ್ದಲು ಹಿಡಿಯದಿರಲೆಂದೋ ಮನೆಗೆ ಒಯ್ಯುವ ರೂಢಿ ಹಲವೆಡೆ ಇದೆ, ಅದು ಬೇಡ. ಅದರಲ್ಲಿ ಎಂಜಿನ್ ಸವೆದ ಲೋಹದ ಅಂಶ ಇರುತ್ತದೆ. ಡ್ರಮ್ಮುಗಳ ಸುತ್ತಣ ಕಟ್ಟೆ ಅತಿ ದೊಡ್ಡ ಡ್ರಮ್ಮಿನ 110 ಶೇಕಡಾ ಹಿಡಿಸುವಷ್ಟಿರಲಿ. ಕಟ್ಟೆಯ ವಾಲ್ವ್ ಯಾವಾಗಲೂ ಮುಚ್ಚಿರಲಿ. ಮಳೆನೀರು ತೆಗೆಯಲು ತೆರೆದು ಮುಚ್ಚಲು ಮರೆಯುವುದೇ ಇಲ್ಲಿಯ ಮಾಮೂಲಿ ತಪ್ಪು.

ಗಿಡ, ಪ್ರಾಣಿ

ಡಂಪಿನ ಮೇಲೆ ಮೊದಲು ಹುಲ್ಲು ಮತ್ತು ಸ್ಟೈಲೋ (ಮೇವಿನ ಗಿಡ), ಬುಡದಲ್ಲಿ ಲಾವಂಚ, ಆಮೇಲೆ ಮರ. ಹೊಂಗೆ, ಬೇವು, ಕಮರ, ತಪಸಿ, ಕಕ್ಕೆ, ನೆಲ್ಲಿ, ಸೀತಾಫಲ ಇಲ್ಲಿಗೆ ಹೊಂದುತ್ತವೆ. ಬಳ್ಳಾರಿ ಜಾಲಿ ಬೇಗ ಹಸಿರು ಕೊಡುತ್ತದೆಂದು ಬೀಜ ಚೆಲ್ಲಬೇಡಿ, ಅದು ಗುಡ್ಡ ಇಳಿದು ಕೆರೆ ಅಂಗಳ ಹೊಲ ಎಲ್ಲವನ್ನೂ ಹಿಡಿಯುತ್ತದೆ. ಗುಂಡಿ 60 ಸೆಂ.ಮೀ. ಘನ, ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಡಿ, ಎರಡು ಬುಟ್ಟಿ ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ, ಜೂನ್–ಜುಲೈ ಮಳೆಗೆ ನೆಡಿ. ಕಪ್ಪು ಪಾಲಿಥಿನ್ ಚೀಲ ಬಿಚ್ಚಿಯೇ ನೆಡಬೇಕು. ಲೆಕ್ಕ ನೆಟ್ಟ ದಿನದ್ದಲ್ಲ, ಎರಡನೇ ಬೇಸಿಗೆ ದಾಟಿದ ಗಿಡಗಳದ್ದು.

ಕರಡಿ, ಚಿರತೆ, ಮುಳ್ಳುಹಂದಿ, ನವಿಲು ಈ ಗುಡ್ಡಗಳಲ್ಲಿವೆ. ಊಟದ ಉಳಿಕೆ ಬಯಲಿಗೆ ಎಸೆಯಬೇಡಿ, ಕರಡಿ ವಾಸನೆ ಹಿಡಿದು ಬರುತ್ತದೆ. ಪ್ರಾಣಿ ಕಂಡರೆ ಗಾಡಿ ನಿಲ್ಲಿಸಿ, ದೀಪ ತಗ್ಗಿಸಿ, ದಾರಿ ಬಿಡಿ. ಬೇಸಿಗೆಯ ಒಣ ಹುಲ್ಲಿಗೆ ಬೆಂಕಿ ಹಿಡಿಯಲು ಬೀಡಿ ತುಂಡು ಸಾಕು.

ತೊಂದರೆ ಕಂಡಾಗ

ಶಿಫ್ಟ್ ಪುಸ್ತಕದಲ್ಲಿ ಜಾಗ, ಹೊತ್ತು, ಅಳತೆ, ಯಾರಿಗೆ ಹೇಳಿದಿರಿ, ಈ ನಾಲ್ಕು ಬರೆಯಿರಿ. ಉದಾಹರಣೆಗೆ: ‘ಮಧ್ಯಾಹ್ನ 3.20. ಪೂರ್ವ ಡಂಪ್, ಎರಡನೇ ಮೆಟ್ಟಿಲು, ಇಳಿಗಾಲುವೆಯಿಂದ 15 ಮೀ. ಉತ್ತರಕ್ಕೆ ಅಂಚಿನಲ್ಲಿ 6 ಮೀ. ಉದ್ದದ ಬಿರುಕು, 4 ಸೆಂ.ಮೀ. ಅಗಲ. ಸುರಿಯುವುದು ನಿಲ್ಲಿಸಿದೆವು, ಕಲ್ಲಿಟ್ಟು ದಾರಿ ಮುಚ್ಚಿದೆವು. ಫೋರ್‌ಮನ್‌ಗೆ ವಾಕಿಟಾಕಿಯಲ್ಲಿ ತಿಳಿಸಿದೆ.’ ‘ಡಂಪ್ ಸರಿ ಇಲ್ಲ’ ಎಂದು ಬರೆದರೆ ಮುಂದಿನ ಶಿಫ್ಟಿನವರಿಗೆ ಏನೂ ತಿಳಿಯದು. ಬಿರುಕಿನ ಎರಡೂ ಬದಿ ಗೂಟ ಹೊಡೆದು ಅಂತರ ಅಳೆದಿಡಿ. ಮಾರನೆಯ ದಿನ ಅದು ಹೆಚ್ಚಿದ್ದರೆ ಡಂಪ್ ಜರುಗುತ್ತಿದೆ. ಕೆಳಗೆ ಯಾರೂ ನಿಲ್ಲಬಾರದು, ಚರಂಡಿ ಕೆಲಸದವರನ್ನು ಮೊದಲು ಮೇಲೆ ಕರೆಸಿ.

ಹೇಳಿಯೂ ದುರಸ್ತಿ ಆಗದಿದ್ದರೆ ಗಣಿಯ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕ ಪ್ರತಿನಿಧಿಯ ಮೂಲಕ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಹೂಳೋ ಎಣ್ಣೆಯೋ ಗಡಿ ದಾಟಿ ಹಳ್ಳಕ್ಕೆ ಹೋಗುತ್ತಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಬಹುದು. ದಿನಾಂಕ, ಹೊತ್ತು ಕಾಣುವ ಫೋಟೊ, ಶಿಫ್ಟ್ ಪುಸ್ತಕದ ಪುಟದ ಪ್ರತಿ ಜೊತೆಗಿರಲಿ. ಹರಿಯುತ್ತಿರುವಾಗಲೇ ಎರಡು ಬಾಟಲಿ ನೀರು ಹಿಡಿದಿಡಿ: ಒಂದು ಗಣಿಯ ಹೊರಬಾಯಿಯದು, ಇನ್ನೊಂದು ಅದು ಸೇರುವ ಜಾಗಕ್ಕಿಂತ ಮೇಲಿನ ಹಳ್ಳದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಣ್ಣ ಎಲ್ಲಿಂದ ಬಂತು ಎಂಬ ವಾದಕ್ಕೆ ಜಾಗ ಇರುವುದಿಲ್ಲ.